ಮೂರು ತಿಂಗಳಾಯಿತು, ಮಗಳು ಇನ್ನೂ ಕಂಬಿ ಬಿಟ್ಟಿಲ್ಲ. ಈಜಿನಿಂದ ಮಕ್ಕಳು ನಿಜಕ್ಕೂ ಏನು ಕಲಿಯುತ್ತಾರೆ?

ಬೆಳಗಿನಮಂಜು ಕೇಳಿದ್ದು:

ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ದಯವಿಟ್ಟು ಪೂರ್ತಿ ಓದಿ.

ಮಗಳಿಗೆ 7 ವರ್ಷ. ಮೂರು ತಿಂಗಳಿಂದ ವಾರಕ್ಕೆ ಮೂರು ದಿನ ಈಜು ಕ್ಲಾಸಿಗೆ ಹೋಗುತ್ತಿದ್ದಾಳೆ. ಅವಳ ಜೊತೆಗೇ ಸೇರಿದ ಇಬ್ಬರು ಹುಡುಗರು ಆಗಲೇ ಕೊಳದ ಈ ತುದಿಯಿಂದ ಆ ತುದಿಗೆ, ಅಂದರೆ 25 ಮೀಟರ್, ಹೋಗಿಬಿಡುತ್ತಾರೆ. ಇವಳು ಇನ್ನೂ ಅಂಚಿನ ಕಂಬಿ ಹಿಡಿದುಕೊಂಡೇ ಕಾಲು ಬಡಿಯುತ್ತಾಳೆ. ಮೊದಲ ತಿಂಗಳು ಮುಖವನ್ನೇ ನೀರಿಗೆ ಹಾಕಲಿಲ್ಲ. ಈಗ ಹಾಕುತ್ತಾಳೆ, ಗುಳ್ಳೆ ಬಿಡುತ್ತಾಳೆ, ಕೋಚ್ ತಲೆಯ ಕೆಳಗೆ ಒಂದು ಕೈ ಇಟ್ಟಿದ್ದರೆ ಅಂಗಾತ ತೇಲುತ್ತಾಳೆ. ಕೈ ತೆಗೆದರೆ ಸಾಕು, ಮೈಯೆಲ್ಲ ಬಿಗಿ ಮಾಡಿಕೊಂಡು ಎದ್ದು ನಿಂತುಬಿಡುತ್ತಾಳೆ.

ನಮ್ಮ ಮನೆಯವರು ಹೇಳುತ್ತಾರೆ, "ಇದು ಅವಳಿಗೆ ಒಗ್ಗಲ್ಲ, ಸುಮ್ನೆ ಯಾಕೆ ಒತ್ತಾಯ, ಬೇರೆ ಏನಾದರೂ ಕಲಿಯಲಿ ಬಿಡು" ಅಂತ. ಅವರಿಗೆ ಸಿಟ್ಟೇನಿಲ್ಲ. ಬೇರೆ ಮಕ್ಕಳ ಮುಂದೆ ಮಗು ಕುಗ್ಗಬಾರದು ಅನ್ನುವ ಕಾಳಜಿ ಅಷ್ಟೇ. ನನಗೂ ಒಂದೊಂದು ದಿನ ಹಾಗೇ ಅನ್ನಿಸುತ್ತದೆ.

ಆದರೆ ಹೋದ ವಾರ ಒಂದು ಸಂಗತಿ ಆಯಿತು. ಅವಳಿಗೆ ಇಂಜೆಕ್ಷನ್ ಹಾಕಿಸಬೇಕಿತ್ತು. ಹಿಂದೆಲ್ಲ ಸೂಜಿ ಕಂಡರೆ ಅತ್ತು ಕರೆದು ಇಬ್ಬರು ಹಿಡಿದುಕೊಳ್ಳಬೇಕಾಗುತ್ತಿತ್ತು. ಈ ಸಲ ಕಣ್ಣು ಮುಚ್ಚಿಕೊಂಡು ಬಾಯಿಂದ ನಿಧಾನಕ್ಕೆ ಉಸಿರು ಬಿಡುತ್ತಾ ಕೂತಳು. ಮುಗಿದ ಮೇಲೆ ಕೇಳಿದೆ, ಏನು ಮಾಡಿದೆ ಪುಟ್ಟಿ ಅಂತ. "ಗುಳ್ಳೆ ಬಿಟ್ಟೆ" ಅಂದಳು. ನನಗೆ ಮಾತೇ ಹೊರಡಲಿಲ್ಲ.

ಇದು ಈಜಿನಿಂದ ಬಂದದ್ದೋ, ನಾನೇ ಹಾಗೆ ಅಂದುಕೊಳ್ಳುತ್ತಿದ್ದೇನೋ? ಈಜು ಬರುವುದು ಒಂದು ಬಿಟ್ಟು ಮಕ್ಕಳು ಅಲ್ಲಿ ಇನ್ನೇನು ಕಲಿಯುತ್ತಾರೆ? ಮತ್ತೆ, ಎಷ್ಟು ದಿನ ಕಾಯಬೇಕು, ಯಾವಾಗ ಬಿಡಿಸಬೇಕು? ನನಗೆ ಈಜು ಬರಲ್ಲ. ಹಾಗಾಗಿ ದಡದಲ್ಲಿ ಕೂತು ನೋಡುತ್ತೇನೆ, ಆದರೆ ಏನು ನೋಡಬೇಕು ಅನ್ನೋದೇ ಗೊತ್ತಾಗುವುದಿಲ್ಲ.


ಕೊಳದಂಚು:

ನಾನು ಹತ್ತು ಹನ್ನೆರಡು ವರ್ಷದಿಂದ ಮಕ್ಕಳಿಗೆ ಈಜು ಹೇಳಿಕೊಡುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಗಳು ಹಿಂದೆ ಬಿದ್ದಿಲ್ಲ. ನಿಜಕ್ಕೂ ಕಷ್ಟವಾದ ಭಾಗವನ್ನು ಅವಳು ಈಗಾಗಲೇ ಅರ್ಧ ದಾಟಿದ್ದಾಳೆ.

ಏನು ನೋಡಬೇಕು ಅಂತ ಕೇಳಿದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ದೂರ ನೋಡಬೇಡಿ. ಕತ್ತು ನೋಡಿ. ಆ ಇಬ್ಬರು ಹುಡುಗರು 25 ಮೀಟರ್ ಹೋಗುವಾಗ ತಲೆ ನೀರಿನ ಮೇಲೆ ಎತ್ತಿಕೊಂಡೇ ಹೋಗುತ್ತಾರಾ, ಕೈಕಾಲು ಜೋರಾಗಿ ಬಡಿದು ಆ ಕಡೆ ಮುಟ್ಟಿದಾಗ ಏದುಸಿರು ಬಿಡುತ್ತಾರಾ ಅಂತ ಒಂದು ಸಲ ಗಮನಿಸಿ. ಹಾಗಿದ್ದರೆ ಅವರು ಶಕ್ತಿಯಿಂದ ದಾಟುತ್ತಿದ್ದಾರೆ. ಅದು ತಪ್ಪಲ್ಲ, ತುಂಬಾ ಮಕ್ಕಳು ಹಾಗೇ ಶುರು ಮಾಡುತ್ತಾರೆ. ಆದರೆ ಮುಂದೆ ಅದೇ ಮಕ್ಕಳಿಗೆ ಉಸಿರಾಟ ಮತ್ತೆ ಮೊದಲಿಂದ ಹೇಳಿಕೊಡಬೇಕಾಗುತ್ತದೆ, ಅಭ್ಯಾಸ ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ನೀರಿನಲ್ಲಿ ನಮ್ಮ ಮೈ ಹೇಗೆ ನಿಲ್ಲುತ್ತದೆ ಅಂದರೆ, ಎದೆಯಲ್ಲಿ ಗಾಳಿ ತುಂಬಿದ ಶ್ವಾಸಕೋಶ ಇದೆ, ಅದು ತೇಲುತ್ತದೆ. ಕಾಲು ಭಾರ, ಅದು ಇಳಿಯುತ್ತದೆ. ಎರಡರ ನಡುವೆ ಮೈ ತಕ್ಕಡಿಯ ಹಾಗೆ. ತಲೆ ಎತ್ತಿದರೆ ಸೊಂಟ ಕೆಳಗೆ ಹೋಗುತ್ತದೆ, ತಲೆ ನೀರಲ್ಲಿ ಇಟ್ಟರೆ ಸೊಂಟ ಮೇಲೆ ಬರುತ್ತದೆ. ಈಗ ಮಗುವಿನ ಕಡೆಯಿಂದ ಯೋಚನೆ ಮಾಡಿ. ಹೆದರಿಕೆ ಆದಾಗ ತಲೆ ಎತ್ತಬೇಕು ಅಂತ ಮೈಯೆಲ್ಲ ಕೂಗುತ್ತದೆ, ಆದರೆ ತಲೆ ಎತ್ತಿದಷ್ಟೂ ಮುಳುಗುತ್ತದೆ. ಅಂದರೆ ಹೆದರಿಕೆ ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಮಾಡಿದಾಗಲೇ ತೇಲುವುದು. 7 ವರ್ಷದ ಮಗು ಇದನ್ನು ಬಾಯಿಮಾತಲ್ಲಿ ಕೇಳಿ ಕಲಿಯಲಾರದು. ಅದರ ಬೆನ್ನು, ಕತ್ತು, ಹೊಟ್ಟೆ ಕಲಿಯಬೇಕು, ನೂರು ಸಲ ಮಾಡಿ ಕಲಿಯಬೇಕು. ಕೋಚ್ ಕೈ ತೆಗೆದಾಗ ನಿಮ್ಮ ಮಗಳು ಬಿಗಿಯಾಗುತ್ತಾಳಲ್ಲ, ಅವಳು ಕಲಿಯುತ್ತಿರುವ ಜಾಗ ಅದೇ. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ.

ಗುಳ್ಳೆ ಬಿಡುವುದೂ ಅಷ್ಟೇ. ನಾವು ಮಕ್ಕಳಿಗೆ ಉಸಿರು "ಹಿಡಿ" ಅಂತ ಹೇಳಿಕೊಡುವುದಿಲ್ಲ, "ಬಿಡು" ಅಂತ ಹೇಳಿಕೊಡುತ್ತೇವೆ. ಮುಖ ನೀರಲ್ಲಿ ಇರುವಾಗ ಮೂಗು ಬಾಯಿಂದ ನಿಧಾನಕ್ಕೆ ಬಿಡುತ್ತಾ ಇದ್ದರೆ ಮೂಗಿಗೆ ನೀರು ನುಗ್ಗುವುದಿಲ್ಲ, ಮುಖ ಹೊರಗೆ ಬಂದಾಗ ಎಳೆದುಕೊಳ್ಳುವುದಕ್ಕೆ ಜಾಗ ಇರುತ್ತದೆ. ಉಸಿರು ಒಳಗೇ ಹಿಡಿದಿಟ್ಟುಕೊಂಡ ಮಗು ಮೇಲೆ ಬಂದು ಒಂದೇ ಕ್ಷಣದಲ್ಲಿ ಬಿಡಲೂ ಬೇಕು, ಎಳೆಯಲೂ ಬೇಕು, ಆಗಲೇ ನೀರು ಕುಡಿಯುವುದು, ಕೆಮ್ಮುವುದು, ಮರುದಿನ ಬರಲ್ಲ ಅನ್ನುವುದು. ಇಂಜೆಕ್ಷನ್ ಹೊತ್ತಲ್ಲಿ ಅವಳು ಮಾಡಿದ್ದು ಇದನ್ನೇ. ಉದ್ದವಾಗಿ ಉಸಿರು ಬಿಟ್ಟಾಗ ಮೈ ಸಡಿಲವಾಗುತ್ತದೆ ಅಂತ ಅವಳಿಗೆ ಗೊತ್ತಾಗಿದೆ. ಅದನ್ನು ನೀರಿಂದ ಹೊರಗೆ ತಂದುಕೊಂಡದ್ದು ಅವಳೇ, ಯಾರೂ ಹೇಳಿಕೊಟ್ಟಿಲ್ಲ. ನೀವು ಕಲ್ಪಿಸಿಕೊಳ್ಳುತ್ತಿಲ್ಲ.

ಇನ್ನೊಂದು ವಿಷಯ, ನಿಮ್ಮ ಮನೆಯವರಿಗೂ ಹೇಳಿ. ಮೈಕೆಲ್ ಫೆಲ್ಪ್ಸ್ ಗೊತ್ತಲ್ಲ, ಒಲಿಂಪಿಕ್ಸ್‌ನಲ್ಲಿ 28 ಪದಕ, ಅದರಲ್ಲಿ 23 ಚಿನ್ನ. ಅವರು ಈಜು ಕಲಿಯಲು ಶುರು ಮಾಡಿದ್ದು 7ನೇ ವಯಸ್ಸಿಗೆ, ಆಗ ಮುಖ ನೀರೊಳಗೆ ಹಾಕಲು ಅವರಿಗೂ ಹೆದರಿಕೆ ಇತ್ತು, ಅದಕ್ಕೆ ಮೊದಲು ಬೆನ್ನ ಮೇಲೆ ಈಜುವುದನ್ನು ಕಲಿಸಿದರು. ನಿಮ್ಮ ಮಗಳು ಪದಕ ಗೆಲ್ಲಬೇಕು ಅಂತ ಇದನ್ನು ಹೇಳುತ್ತಿಲ್ಲ. ಮುಖ ಒದ್ದೆ ಮಾಡಿಕೊಳ್ಳಲು ಹೆದರುವ ಮಗುವಿಗೆ ನೀರು ಒಗ್ಗಲ್ಲ ಅಂತ ಯಾರೂ ತೀರ್ಮಾನ ಮಾಡಬಾರದು, ಅದಕ್ಕೆ ಹೇಳಿದೆ.


ರಾತ್ರಿಪಾಳಿ:

ನಾನು ತುರ್ತು ವಿಭಾಗದಲ್ಲಿ ನರ್ಸ್. ಮೇಲಿನ ಸರ್ ಹೇಳಿದ್ದು ಚೆನ್ನಾಗಿದೆ, ಆದರೆ ಈಜು ಯಾಕೆ ಕಲಿಯಬೇಕು ಅನ್ನುವುದಕ್ಕೆ ಎಲ್ಲಕ್ಕಿಂತ ಮೊದಲು ಬರಬೇಕಾದ ಕಾರಣ ಯಾರೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ನೀರಿನಲ್ಲಿ ಮುಳುಗುವ ಸಾವುಗಳ ಬಗ್ಗೆ ಒಂದು ವರದಿ ತಂದಿತು. 2021ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನ ಹೀಗೆ ಸತ್ತಿದ್ದಾರೆ. ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ, ಅಂದರೆ 6 ವರ್ಷ ದಾಟಿದವರಿಗೆ, ಈಜು ಮತ್ತು ನೀರಿನ ಹತ್ತಿರ ಹೇಗೆ ಜೋಪಾನವಾಗಿ ಇರಬೇಕು ಅನ್ನುವುದನ್ನು ಕಲಿಸಿ ಅಂತ ಆ ಸಂಸ್ಥೆಯೇ ಹೇಳುತ್ತದೆ. ಹಾಗಾಗಿ "ಬೇರೆ ಏನಾದರೂ ಕಲಿಯಲಿ" ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಬೇರೆ ಆಟ ಕಲಿಯದಿದ್ದರೆ ಒಂದು ಖುಷಿ ತಪ್ಪುತ್ತದೆ. ಇದು ಹಾಗಲ್ಲ.

ಆದರೆ ದಯವಿಟ್ಟು ಇದನ್ನೂ ಓದಿ. ಈಜು ಬಂದ ಮಗು ಮುಳುಗುವುದಿಲ್ಲ ಅಂತ ಯಾವತ್ತೂ ಅಂದುಕೊಳ್ಳಬೇಡಿ. ಕೊಳದಲ್ಲಿ ನೀರು ಸುಮ್ಮನಿರುತ್ತದೆ, ತಳ ಕಾಣುತ್ತದೆ, ಹಿಡಿಯಲು ಕಂಬಿ ಇರುತ್ತದೆ. ಹೊಳೆಯಲ್ಲಿ ಸೆಳವು ಇರುತ್ತದೆ, ಕೆರೆಯಲ್ಲಿ ಕೆಸರು ಇರುತ್ತದೆ, ಕಾಲಿಟ್ಟ ಜಾಗದ ಪಕ್ಕದಲ್ಲೇ ಮಡು ಇರಬಹುದು, ನೀರು ತಣ್ಣಗಿದ್ದರೆ ಕೈಕಾಲು ಕೆಲವೇ ನಿಮಿಷದಲ್ಲಿ ಸೋಲುತ್ತವೆ. ಕೊಳದಲ್ಲಿ ನಾಲ್ಕು ಸುತ್ತು ಹೊಡೆದ ಮಗು ಹೊಳೆ ನೋಡಿ "ನನಗೆ ಬರುತ್ತೆ" ಅಂತ ಇಳಿದರೆ ಏನಾಗುತ್ತದೆ ಅನ್ನುವುದನ್ನು ನಾನು ಕೆಲಸದ ಜಾಗದಲ್ಲಿ ನೋಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮುಳುಗುವುದು ಸಿನಿಮಾದ ಹಾಗೆ ಇರುವುದಿಲ್ಲ ಅನ್ನುವುದು ಎಲ್ಲ ಅಪ್ಪ ಅಮ್ಮಂದಿರಿಗೂ ಗೊತ್ತಿರಬೇಕು. ಕೂಗಾಟ ಇಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಮೇಲೆ ಕೆಳಗೆ ಆಗುತ್ತಿರುತ್ತದೆ, ಉಸಿರಿಗೇ ಸಮಯ ಸಾಲದೆ ಇರುವಾಗ ಕೂಗಲು ಆಗುವುದಿಲ್ಲ. ಕೈ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತದೆ, ಮೇಲೆ ಎತ್ತಲು ಬರುವುದಿಲ್ಲ. ಮೈ ನೆಟ್ಟಗೆ ನಿಂತ ಹಾಗಿರುತ್ತದೆ. ದೂರದಿಂದ ನೋಡಿದವರಿಗೆ ಮಗು ಆಡುತ್ತಿದೆ ಅನ್ನಿಸಬಹುದು, ಮತ್ತು ಇದೆಲ್ಲ ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ. ನೀರಲ್ಲಿ ಗಲಾಟೆ ಮಾಡುತ್ತಿದ್ದ ಮಕ್ಕಳು ಇದ್ದಕ್ಕಿದ್ದಂತೆ ಸುಮ್ಮನಾದರೆ ತಕ್ಷಣ ಎದ್ದು ನೋಡಿ. ಚಿಕ್ಕ ಮಕ್ಕಳು ನೀರಲ್ಲಿದ್ದರೆ ನೀವು ಕೈಗೆಟುಕುವ ದೂರದಲ್ಲೇ ಇರಿ, ಫೋನ್ ಚೀಲದೊಳಗೆ ಇರಲಿ.

ಹಾಗಾಗಿ ಅವಳ ಕ್ಲಾಸಿನಲ್ಲಿ ಎಷ್ಟು ಮೀಟರ್ ಆಯಿತು ಅಂತ ಕೇಳುವ ಬದಲು ಇದನ್ನು ಕೇಳಿ: ದಡದಿಂದ ಆಯತಪ್ಪಿ ಬಿದ್ದರೆ ತಿರುಗಿ ಅಂಚು ಹಿಡಿಯುವುದನ್ನು ಕಲಿಸುತ್ತೀರಾ? ಸುಸ್ತಾದಾಗ ಅಂಗಾತವಾಗಿ ತೇಲಿ ಕಾಯುವುದನ್ನು ಕಲಿಸುತ್ತೀರಾ? ನೆದರ್ಲೆಂಡ್ಸ್‌ನಲ್ಲಿ ಮಕ್ಕಳು ಈಜಿನ ಮೊದಲ ಡಿಪ್ಲೊಮಾ ತೆಗೆದುಕೊಳ್ಳುವಾಗ ಬಟ್ಟೆ ಹಾಕಿಕೊಂಡೇ ಈಜಿ ತೋರಿಸಬೇಕು, ಯಾಕೆಂದರೆ ನೀರಿಗೆ ಬೀಳುವ ಮಗು ಈಜುಡುಗೆ ತೊಟ್ಟು ಬೀಳುವುದಿಲ್ಲ. ನನಗೆ ಆ ಯೋಚನೆ ತುಂಬಾ ಹಿಡಿಸಿತು.

ಮತ್ತೆ ಗೆಳೆಯರು ಮುಳುಗುತ್ತಿದ್ದರೆ ಹಾರಬಾರದು ಅಂತ ಈಗಲೇ ಹೇಳಿಕೊಡಿ. ಕೋಲು, ಹಗ್ಗ, ಟವೆಲ್ ಏನಾದರೂ ಚಾಚಬೇಕು, ತೇಲುವುದು ಏನಾದರೂ ಎಸೆಯಬೇಕು, ಕೂಗಿ ದೊಡ್ಡವರನ್ನು ಕರೆಯಬೇಕು. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬ ಮಗುವೂ ಹೋಗುವುದು ಬಹಳ ಕಡೆ ನಡೆಯುತ್ತದೆ. ಹಾಗೇ, ಯಾರು ಜಾಸ್ತಿ ಹೊತ್ತು ನೀರೊಳಗೆ ಉಸಿರು ಹಿಡಿಯುತ್ತಾರೆ ಅನ್ನುವ ಪಂದ್ಯ ಬೇಡವೇ ಬೇಡ. ಮೊದಲು ಜೋರಾಗಿ ಹತ್ತಾರು ಸಲ ಉಸಿರಾಡಿ ಆಮೇಲೆ ಮುಳುಗಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ ಆಗಿರುತ್ತದೆ, ಉಸಿರು ಬೇಕು ಅನ್ನುವ ಎಚ್ಚರಿಕೆ ಬರುವ ಮುಂಚೆಯೇ ಆಮ್ಲಜನಕ ಮುಗಿದು ನೀರೊಳಗೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬಲ್ಲವರಿಗೇ ಇದು ಆಗುವುದು.


ಒಂದುಮಗನಪ್ಪ:

ಅಕ್ಕ, ನಿಮ್ಮ ಪ್ರಶ್ನೆ ಓದಿ ನನ್ನ ಮಗನ ಕಥೆ ನೆನಪಾಯಿತು. ನಾವು ಕಾಯದೇ ಇದ್ದವರು. ಅದಕ್ಕೆ ಬರೆಯಬೇಕು ಅನ್ನಿಸಿತು.

ಅವನಿಗೆ 6 ವರ್ಷ ಇದ್ದಾಗ ಸೇರಿಸಿದ್ದ ಕ್ಲಾಸಿನಲ್ಲಿ ಹೆದರಿಕೆ ಬಿಡಿಸುತ್ತೇವೆ ಅಂತ ಒಂದು ದಿನ ಆಳದ ಕಡೆ ಎತ್ತಿ ಹಾಕಿಬಿಟ್ಟರು. ತಕ್ಷಣ ಹಿಡಿದು ಎತ್ತಿದರು, ಅವನಿಗೆ ಏನೂ ಆಗಲಿಲ್ಲ. ನಾನು ಅಲ್ಲೇ ನಿಂತಿದ್ದೆ. "ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು" ಅನ್ನುವ ಮಾತು ಕೇಳಿಯೇ ಬೆಳೆದವನು, ಇದೂ ಹಾಗೇ ಇರಬೇಕು ಅಂದುಕೊಂಡೆ. ಬೇಡ ಅಂತ ಹೇಳಬೇಕಿತ್ತು, ಹೇಳಲಿಲ್ಲ. ಆಮೇಲೆ ಎರಡು ವರ್ಷ ಅವನು ಕೊಳದ ಗೇಟು ದಾಟಲಿಲ್ಲ. ತಲೆಗೆ ನೀರು ಹುಯ್ಯುವಾಗಲೂ ಕಿರುಚುತ್ತಿದ್ದ. ನೀರಿನ ಹೆದರಿಕೆ ಮೊದಲೇ ಇತ್ತು, ಅದರ ಜೊತೆಗೆ ದೊಡ್ಡವರ ಮೇಲಿನ ನಂಬಿಕೆಯೂ ಹೋಯಿತು. ಎರಡನೆಯದು ನನಗೆ ಇವತ್ತಿಗೂ ಜಾಸ್ತಿ ನೋವು ಕೊಡುತ್ತದೆ.

8 ವರ್ಷಕ್ಕೆ ಇನ್ನೊಬ್ಬರು ಸಿಕ್ಕಿದರು. ವಯಸ್ಸಾದವರು, ಮಾತು ಕಡಿಮೆ. ಮೊದಲ ದಿನ ಅವನನ್ನು ನೀರಿಗೆ ಕರೆಯಲೇ ಇಲ್ಲ. ಮೆಟ್ಟಿಲ ಮೇಲೆ ಕೂತು ಇಬ್ಬರೂ ಕಾಲು ಇಳಿಬಿಟ್ಟುಕೊಂಡಿದ್ದರು ಅಷ್ಟೇ. ಎರಡನೇ ವಾರ ಅವನು ಸೊಂಟದ ಮಟ್ಟದ ನೀರಿಗೆ ಇಳಿದ. ಅವರು ಒಂದೇ ಮಾತು ಹೇಳಿದರು, "ನೀನು ಬಿಡು ಅನ್ನೋವರೆಗೆ ನಾನು ಕೈ ಬಿಡಲ್ಲ." ಮತ್ತೆ ಬಿಡಲಿಲ್ಲ. ನಾನು ಎಣಿಸುತ್ತಿದ್ದೆ, ಏಳು ಕ್ಲಾಸು ಅವನು "ಬಿಡಿ" ಅನ್ನಲಿಲ್ಲ, ಅವರೂ ಕೈ ಬಿಡಲಿಲ್ಲ, ಒಂದು ಸಲ ಕೂಡ "ಈಗ ಬಿಡಲಾ" ಅಂತ ಕೇಳಲಿಲ್ಲ. ಎಂಟನೇ ಕ್ಲಾಸಿನಲ್ಲಿ ಅಂಗಾತ ಮಲಗಿದ್ದವನು ತಾನಾಗಿಯೇ, ತುಂಬಾ ಸಣ್ಣ ದನಿಯಲ್ಲಿ, "ಬಿಡಿ" ಅಂದ. ಅವರು ಬಿಟ್ಟರು. ಐದು ಸೆಕೆಂಡು ಇದ್ದ. ಆಮೇಲೆ "ಹಿಡೀರಿ" ಅಂದ. ಅವರು ಹಿಡಿದರು.

ನನ್ನ ಮಗ ಈಜಿನಿಂದ ಏನು ಕಲಿತ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಬೇಕು ಅಂದಾಗ ಹಿಡಿ ಅನ್ನಬಹುದು, ಸಾಕು ಅಂದಾಗ ಬಿಡು ಅನ್ನಬಹುದು, ಹೇಳಿದರೆ ಎದುರಿನವರು ಕೇಳುತ್ತಾರೆ. ಈಗ ಅವನಿಗೆ 12. ಗಣಿತ ಅರ್ಥವಾಗದಿದ್ದರೆ ಮುಚ್ಚಿಡುವುದಿಲ್ಲ, ಬಂದು "ಅಪ್ಪ, ಇಲ್ಲಿವರೆಗೆ ಬಂತು, ಇಲ್ಲಿಂದ ಹಿಡಿ" ಅನ್ನುತ್ತಾನೆ. ಅದೇ ಮಾತು ನೋಡಿ.

ಅದಕ್ಕೆ ನೀವು ದೂರ, ವೇಗ ಎಲ್ಲ ಬಿಡಿ. ಕೋಚ್ ನಿಮ್ಮ ಮಗಳಿಗೆ ಹೇಳಿ ಕೈ ತೆಗೆಯುತ್ತಾರಾ, ಹೇಳದೆ ತೆಗೆಯುತ್ತಾರಾ, ಅದನ್ನು ನೋಡಿ. ಹೇಳದೆ ತೆಗೆಯುತ್ತಿದ್ದರೆ ಅವಳು ಬಿಗಿಯಾಗುವುದು ಸಹಜ, ಅಲ್ವಾ? ಯಾವ ಕ್ಷಣ ಕೈ ಹೋಗುತ್ತದೋ ಅಂತ ಕಾಯುತ್ತಾ ಯಾರು ತಾನೇ ಸಡಿಲವಾಗಿ ಮಲಗುತ್ತಾರೆ.


ತಿಳಿನೀರು:

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ, ಆದರೆ ಒಂದು ಎಚ್ಚರಿಕೆಯ ಮಾತು. ಈಜಿನ ಮೇಲೆ ಎಲ್ಲ ಗುಣಗಳನ್ನೂ ಹೊರಿಸಬೇಡಿ. ಶಿಸ್ತು, ಧೈರ್ಯ, ಗಮನ ಎಲ್ಲ ಬರುತ್ತೆ, ಬುದ್ಧಿ ಚುರುಕಾಗುತ್ತೆ ಅಂತ ಜಾಹೀರಾತುಗಳು ಹೇಳುತ್ತವೆ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಒಂದು ಅಧ್ಯಯನವನ್ನು ಇದಕ್ಕೆ ಆಧಾರವಾಗಿ ತೋರಿಸುತ್ತಾರೆ. 5 ವರ್ಷದೊಳಗೆ ಈಜು ಕಲಿತ ಮಕ್ಕಳು ಕೆಲವು ವಿಷಯಗಳಲ್ಲಿ ತಮ್ಮ ವಯಸ್ಸಿಗಿಂತ ಮುಂದಿದ್ದರು ಅಂತ ಅದರಲ್ಲಿ ಕಂಡುಬಂದದ್ದು ನಿಜ. ಆದರೆ ಅದರ ದೊಡ್ಡ ಭಾಗ ಅಪ್ಪ ಅಮ್ಮಂದಿರು ತುಂಬಿಕೊಟ್ಟ ಪ್ರಶ್ನಾವಳಿ. ಮಗುವನ್ನು ಅಷ್ಟು ಚಿಕ್ಕ ವಯಸ್ಸಿಗೇ ಈಜಿಗೆ ಕರೆದೊಯ್ಯುವ ಮನೆಯಲ್ಲಿ ಮಗುವಿನ ಜೊತೆ ಮಾತು, ಓದು, ಆಟ ಎಲ್ಲವೂ ಜಾಸ್ತಿ ಇರಬಹುದಲ್ಲ. ಯಾವುದರಿಂದ ಯಾವುದು ಬಂತು ಅಂತ ಬೇರ್ಪಡಿಸಿ ಹೇಳುವುದು ಕಷ್ಟ.

ಬೇರೆ ಆಟಗಳೂ ಕಲಿಸುತ್ತವೆ. ತಂಡದಲ್ಲಿ ಹೊಂದಿಕೊಂಡು ಆಡುವುದು ಬೇಕಿದ್ದರೆ ಚೆಂಡಿನ ಆಟವೇ ಮೇಲು. ಆದರೂ ನೀರಿಗೆ ಮಾತ್ರ ಇರುವ ಒಂದು ಗುಣ ನಾನು ಗಮನಿಸಿದ್ದೇನೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ನೆಲದ ಮೇಲೆ ಕೈಯನ್ನು ಹೇಗೆ ಬೀಸಿದರೂ ಏನೂ ಗೊತ್ತಾಗುವುದಿಲ್ಲ, ನೀರಲ್ಲಿ ಅಂಗೈ ಸ್ವಲ್ಪ ಓರೆಯಾದರೆ ಸಾಕು, ಜಾರಿಹೋಗುತ್ತದೆ, ನೇರ ಇಟ್ಟರೆ ಮೈಯನ್ನೇ ಮುಂದೆ ತಳ್ಳುತ್ತದೆ. ಮಗು ಏನು ಮಾಡಿತು ಅನ್ನುವುದಕ್ಕೆ ಉತ್ತರ ಆ ಕ್ಷಣವೇ ಸಿಗುತ್ತದೆ, ಯಾರೂ ಬೈಯಬೇಕಿಲ್ಲ, ಹೊಗಳಬೇಕಿಲ್ಲ. ಜೋರು ಮಾಡಿದರೆ ಜಾಸ್ತಿ ಮುಂದೆ ಹೋಗುತ್ತೇನೆ ಅಂದುಕೊಂಡ ಮಗುವಿಗೆ, ನಿಧಾನ ಮಾಡಿ ಮೈ ಉದ್ದ ಚಾಚಿದಾಗ ಜಾಸ್ತಿ ದೂರ ಜಾರುತ್ತೇನೆ ಅಂತ ಗೊತ್ತಾಗುತ್ತದೆ. ಗೋಡೆಗೆ ಕಾಲು ಒದ್ದು ಕೈ ಎರಡೂ ಮುಂದೆ ಚಾಚಿ ಬಾಣದ ಹಾಗೆ ಜಾರುವ ಆಟ ಆಡಿಸಿ ನೋಡಿ, ಯಾರು ಕೈಕಾಲು ಆಡಿಸದೆ ದೂರ ಹೋಗುತ್ತಾರೆ ಅಂತ. ಮಕ್ಕಳು ತಾವೇ ಕಂಡುಹಿಡಿಯುತ್ತಾರೆ.

ಬಿಡಿಸುವುದು ಯಾವಾಗ ಅಂತ ಕೇಳಿದಿರಿ. ಹೋಗುವ ದಿನ ಬೆಳಗ್ಗೆಯಿಂದಲೇ ಹೊಟ್ಟೆನೋವು, ರಾತ್ರಿ ನಿದ್ದೆ ಇಲ್ಲ ಅನ್ನುವ ಹಾಗಿದ್ದರೆ ಕ್ಲಾಸು ಬದಲಾಯಿಸಿ. ನೀರು ಬಿಡಿಸಬೇಡಿ. ಕಂಬಿ ಹಿಡಿದುಕೊಂಡಿದ್ದರೂ ನಗುತ್ತಾ ಹೊರಗೆ ಬರುತ್ತಿದ್ದರೆ ಕಾಯಿರಿ.


ತಡವಾಗಿಕಲಿತವಳು:

ಬೆಳಗಿನಮಂಜು ಅವರೇ, ನಿಮ್ಮ ಕೊನೆಯ ಸಾಲು ನನಗೆ ತಟ್ಟಿತು, ನಿಮಗೆ ಈಜು ಬರಲ್ಲ ಅನ್ನುವುದು. ನಾನು 38ಕ್ಕೆ ಕಲಿತವಳು, ಮಗಳ ಜೊತೆಗೇ. ನೀವೂ ನೀರಿಗೆ ಇಳಿಯಿರಿ. ಕ್ಲಾಸಿಗೆ ಸೇರಲೇಬೇಕು ಅಂತಿಲ್ಲ, ಮಕ್ಕಳ ಜೊತೆ ದೊಡ್ಡವರನ್ನೂ ಬಿಡುವ ಹೊತ್ತಲ್ಲಿ ಕಡಿಮೆ ಆಳದ ಕಡೆ ಇಳಿದು ಅವಳ ಪಕ್ಕ ನಿಲ್ಲಿ ಸಾಕು.

ನನ್ನ ಅನುಭವ ಹೇಳುತ್ತೇನೆ. ದಡದಲ್ಲಿ ಕೂತು ನಾನು ಮಗಳಿಗೆ "ಅಷ್ಟೇನಾ, ತಲೆ ಹಾಕು, ಏನಾಗಲ್ಲ" ಅನ್ನುತ್ತಿದ್ದೆ. ಮೊದಲ ದಿನ ನಾನೇ ಮುಖ ನೀರಿಗೆ ಹಾಕಿದಾಗ ಕಿವಿಯೊಳಗೆ ಇಡೀ ಪ್ರಪಂಚ ಮುಚ್ಚಿಹೋದ ಹಾಗಾಯಿತು, ಎದೆ ಹೊಡೆದುಕೊಳ್ಳುವುದು ಕೇಳಿಸಿತು. ಅವತ್ತಿಂದ ಅವಳಿಗೆ "ಏನಾಗಲ್ಲ" ಅನ್ನುವುದನ್ನು ಬಿಟ್ಟೆ. ಏನೋ ಆಗುತ್ತದೆ. ಅವಳು ಆ ಏನನ್ನೋ ದಾಟುತ್ತಿದ್ದಳು, ನನಗೆ ಗೊತ್ತಿರಲಿಲ್ಲ ಅಷ್ಟೇ.

ಇನ್ನೊಂದು ಚಿಕ್ಕ ವಿಷಯ, ಯಾರೂ ಹೇಳಲಿಲ್ಲ. ನೀರು ಮೈಯ ಶಾಖವನ್ನು ಗಾಳಿಗಿಂತ ಎಷ್ಟೋ ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಸಣಕಲು ಮಕ್ಕಳಿಗೆ ಇದು ಇನ್ನೂ ಜಾಸ್ತಿ. ಕೆಲವು ಮಕ್ಕಳು ಹೆದರಿ ಬಿಗಿಯಾಗಿಲ್ಲ, ಚಳಿಗೆ ಬಿಗಿಯಾಗಿರುತ್ತಾರೆ. ತುಟಿ ನೀಲಿ ತಿರುಗಿದೆಯಾ, ಹಲ್ಲು ಕಟಕಟ ಅನ್ನುತ್ತಿದೆಯಾ ನೋಡಿ. ನನ್ನ ಮಗಳಿಗೆ ಕೊನೆಯ ಹದಿನೈದು ನಿಮಿಷ ಏನೂ ಕಲಿಯಲು ಆಗದೇ ಇದ್ದದ್ದು ಇದಕ್ಕೇ. ಬೇಗ ಹೊರಗೆ ಕರೆದುಕೊಂಡು ಒರೆಸಿ ಬಟ್ಟೆ ಹಾಕಲು ಶುರು ಮಾಡಿದ ಮೇಲೆ ಕ್ಲಾಸೇ ಬೇರೆ ಆಯಿತು.


ಬೆಳಗಿನಮಂಜು:

ಎಲ್ಲರಿಗೂ ಉತ್ತರ ಬರೆಯಲು ಎರಡು ವಾರ ಬೇಕಾಯಿತು, ಕ್ಷಮಿಸಿ. ಪ್ರತಿ ಉತ್ತರವನ್ನೂ ಮನೆಯವರಿಗೆ ಓದಿ ಹೇಳಿದೆ. ರಾತ್ರಿಪಾಳಿ ಅವರು ಬರೆದದ್ದನ್ನು ಓದಿದ ಮೇಲೆ ಬಿಡಿಸುವ ಮಾತು ಅವರೇ ನಿಲ್ಲಿಸಿದರು. ಹೋದ ಶನಿವಾರ ಜೊತೆಗೆ ಬಂದು ಕೂತರು.

ಆ ಹುಡುಗರ ಕತ್ತು ನೋಡಿದೆ. ಒಬ್ಬ ತಲೆ ಎತ್ತಿಕೊಂಡೇ ಹೋಗುತ್ತಾನೆ. ಇನ್ನೊಬ್ಬ ನಿಜವಾಗಿಯೂ ಚೆನ್ನಾಗಿ ಈಜುತ್ತಾನೆ, ಅವನನ್ನು ನೋಡಿ ಈಗ ನನಗೆ ಹೊಟ್ಟೆಯಲ್ಲಿ ಏನೂ ಆಗುವುದಿಲ್ಲ, ಖುಷಿ ಆಗುತ್ತದೆ.

ಕೋಚ್ ಹತ್ತಿರ ಕೈ ಬಿಡುವ ವಿಷಯ ಮಾತಾಡಿದೆ. ಅವರು ಹೇಳದೆ ತೆಗೆಯುತ್ತಿದ್ದರಂತೆ, ಹೇಳಿದರೆ ಮಗು ಇನ್ನೂ ಹೆದರುತ್ತದೆ ಅಂತ. ಒಂದುಮಗನಪ್ಪ ಸರ್ ಬರೆದದ್ದನ್ನು ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಅವಳನ್ನೇ ಕರೆದು "ನೀನು ಹೇಳಿದಾಗ ಬಿಡ್ತೀನಿ" ಅಂದರು. ನಾಲ್ಕು ಕ್ಲಾಸು ಆಗಿದೆ, ಇನ್ನೂ "ಬಿಡಿ" ಅಂದಿಲ್ಲ. ಆದರೆ ಹೆಗಲು ಮೊದಲಿನ ಹಾಗೆ ಕಿವಿಯವರೆಗೆ ಏರಿಕೊಂಡಿರುವುದಿಲ್ಲ. ಅದು ನನಗೆ ಈಗ ಕಾಣುತ್ತದೆ.

ಮತ್ತೆ, ನಾನೂ ಇಳಿದೆ. ಸೊಂಟದ ಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಿಂತು ಮುಖ ಹಾಕಲು ಮೂರು ಸಲ ಹೋದೆ, ಮೂರು ಸಲವೂ ವಾಪಸ್ ಬಂದೆ. ಅವಳು ಪಕ್ಕದಲ್ಲೇ ಇದ್ದಳು. "ಅಮ್ಮ, ಉಸಿರು ಹಿಡ್ಕೋಬೇಡ, ಬಿಡು. ನಾನು ಎಣಿಸ್ತೀನಿ" ಅಂದಳು. ಮೂರರವರೆಗೆ ಎಣಿಸಿದಳು. ನಾಲ್ಕನೇ ಸಲ ಹಾಕಿದೆ.

ಈಗ ಇನ್ನೊಂದು ಸಣ್ಣ ಪ್ರಶ್ನೆ. ನಿನ್ನೆಯಿಂದ ಅವಳಿಗೆ ಒಂದು ಕಿವಿಯಲ್ಲಿ ನೀರು ಉಳಿದ ಹಾಗಿದೆಯಂತೆ. ನೋವಿಲ್ಲ. ಕಿವಿಕಡ್ಡಿ ಹಾಕಿ ತೆಗೆಯಲಾ? ಕಣ್ಣೂ ಕೆಂಪಾಗುತ್ತದೆ, ಕ್ಲೋರಿನ್ ಜಾಸ್ತಿ ಅಂತ ಕಾಣುತ್ತದೆ.


ರಾತ್ರಿಪಾಳಿ:

ಕಡ್ಡಿ ಬೇಡ. ಒಳಗಿನ ಚರ್ಮ ಗೀರಿದರೆ ಸೋಂಕು ಶುರುವಾಗುವುದು ಅಲ್ಲಿಂದಲೇ. ಆ ಕಿವಿ ಕೆಳಗೆ ಬರುವ ಹಾಗೆ ತಲೆ ವಾಲಿಸಿ, ಕಿವಿಯ ಹಾಲೆಯನ್ನು ಮೆಲ್ಲಗೆ ಹಿಂದಕ್ಕೂ ಮೇಲಕ್ಕೂ ಎಳೆದು ಆಡಿಸಿ, ಇಳಿದು ಬರುತ್ತದೆ. ಹೊರಗೆ ಒಣ ಬಟ್ಟೆಯಿಂದ ಒರೆಸಿ. ಕಿವಿ ಮುಟ್ಟಿದರೆ ನೋವು, ತುರಿಕೆ, ಸೋರುವುದು ಏನಾದರೂ ಕಂಡರೆ ಡಾಕ್ಟರಿಗೆ ತೋರಿಸಿ, ವಾಸಿಯಾಗುವವರೆಗೆ ನೀರಿಗೆ ಇಳಿಸಬೇಡಿ.

ಕಣ್ಣು ಕೆಂಪಾಗುವುದಕ್ಕೆ ಬರೀ ಕ್ಲೋರಿನ್ ಜಾಸ್ತಿ ಅಂತ ಹೇಳಲು ಆಗುವುದಿಲ್ಲ. ಬೆವರು, ಮೂತ್ರ ನೀರಿಗೆ ಸೇರಿ ಕ್ಲೋರಿನ್ ಜೊತೆ ಕೂಡಿ ಕ್ಲೋರಮೈನ್ ಆಗುತ್ತದೆ, ಕಣ್ಣು ಉರಿಸುವುದು ಮುಖ್ಯವಾಗಿ ಅದು, ಕೊಳದಲ್ಲಿ ಮೂಗಿಗೆ ಹೊಡೆಯುವ ಆ ವಾಸನೆಯೂ ಅದರದ್ದೇ. ಇಳಿಯುವ ಮುಂಚೆ ಮೈ ತೊಳೆದುಕೊಳ್ಳಿ, ಟಾಯ್ಲೆಟ್‌ಗೆ ಹೋಗಿ ಬನ್ನಿ ಅಂತ ಹೇಳುವುದು ಅದಕ್ಕೇ. ಗಾಗಲ್ಸ್ ಹಾಕಿಸಿ. ಆದರೆ ವಾರಕ್ಕೆ ಒಂದು ಸಲವಾದರೂ ಗಾಗಲ್ಸ್ ಇಲ್ಲದೆ ಸ್ವಲ್ಪ ಹೊತ್ತು ಕಣ್ಣು ಬಿಡುವುದು ಅಭ್ಯಾಸ ಆಗಲಿ. ಆಯತಪ್ಪಿ ಬಿದ್ದ ದಿನ ಅದು ಕಣ್ಣ ಮೇಲೆ ಇರುವುದಿಲ್ಲ.


ಕೊಳದಂಚು:

ಮೇಡಂ, ನಾಲ್ಕು ಕ್ಲಾಸಿಗೆ "ಬಿಡಿ" ಅನ್ನದಿದ್ದರೆ ಪರವಾಗಿಲ್ಲ. ಮುಂದಿನ ಸಲ ಒಂದು ಆಟ ಮಾಡಿ ನೋಡಿ. ನೀವು ಅಂಗಾತ ಮಲಗಿ, ನಿಮ್ಮ ತಲೆಯ ಕೆಳಗೆ ಅವಳು ಕೈ ಇಡಲಿ. ಸೊಂಟದ ಮಟ್ಟದ ನೀರು, ಪಕ್ಕದಲ್ಲಿ ಕೋಚ್ ಇರಲಿ. ಎಷ್ಟು ಕಡಿಮೆ ಭಾರ ಕೈಗೆ ಬರುತ್ತದೆ ಅಂತ ಅವಳಿಗೇ ಗೊತ್ತಾಗಲಿ. "ಬಿಡು" ಅಂತ ಹೇಳಬೇಕಾದವರು ಮೊದಲು ನೀವು. ಹೇಳುವ ಮುಂಚೆ ಎದೆ ತುಂಬಾ ಉಸಿರು ಎಳೆದುಕೊಳ್ಳಿ, ಗಲ್ಲ ಮೇಲಕ್ಕೆ, ಕಿವಿ ಎರಡೂ ನೀರೊಳಗೆ.